ಹದಿನಾರನೇ ಮಹಡಿಯ ಬಾಲ್ಕನಿ

ಅಂಬಾದಾಸನಿಗೆ ಸಿಟ್ಟು ಬಂದರೆ ಮೊದಲು ಕಿವಿ ಕೆಂಪಾಗುತ್ತಿದ್ದವು. ಆ ಶನಿವಾರ ಬೆಳಿಗ್ಗೆ ಮಾನಸಾ ತನ್ನ ಮಾತು ಅರ್ಧಕ್ಕೆ ತರುವಷ್ಟರಲ್ಲೇ ಅವನ ಎರಡೂ ಕಿವಿಗಳು ನಿಗಿನಿಗಿ ಎನ್ನುತ್ತಿದ್ದವು.

“ಮೂರು ವರ್ಷ ದುಡಿದೀನಿ ಕಾಕಾ. ಒಂದು ರಿಪೋರ್ಟಿನ ಮ್ಯಾಲೂ ನನ್ನ ಹೆಸರು ಹಾಕಿಲ್ಲ. ಎಲ್ಲಾದಕ್ಕೂ ಸೃಜನ್ ಸರ್ ಸಹಿ. ಈಗ ತಪ್ಪು ಬಂತು ನೋಡ್ರಿ, ಮೊದಲ ಸಾಲಿನಾಗ ನನ್ನ ಹೆಸರು!”

“ಹರಾಮ್‌ಖೋರ್ ಮಂದಿ!” ಎಂದ ಅಂಬಾದಾಸ.

“ಅಂಬಾದಾಸ, ಹುಡುಗಿ ಮಾತು ಮುಗಸ್ಲಿ. ನೀವು ಇನ್ನೊಂದು ಬಕೆಟ್ ನೀರು ತರ್ರಿ,” ಎಂದರು ಗುರುದೇವಿ. ಅವರು ಕಿಟಕಿಯ ಕೂಲರಿಗೆ ನೀರು ಸುರಿಯುತ್ತ ನಿಂತಿದ್ದರು. ಮೇ ತಿಂಗಳ ಹೈದರಾಬಾದಿನಲ್ಲಿ ಆ ಕೂಲರ್ ಎಮ್ಮೆಯ ಹಾಗೆ ನೀರು ಕುಡಿಯುತ್ತಿತ್ತು.

ಗುರುದೇವಿ ಕುಷಾಯಿಗೂಡದ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯ ವಿಜಿಲೆನ್ಸ್ ವಿಭಾಗದಿಂದ ನಿವೃತ್ತರಾದವರು. ಕೆಲಸ ಬಿಟ್ಟ ಮೇಲೂ ಕಾಲೊನಿಯ ಕಳವು, ಮೋಸ, ತಂಟೆ ತಕರಾರೆಲ್ಲ ಅವರ ಬಾಗಿಲಿಗೇ ಬರುತ್ತಿದ್ದವು. ಅಂಬಾದಾಸ ಅದೇ ವಿಭಾಗದಲ್ಲಿ ಅವರ ಕೈಕೆಳಗೆ ಇದ್ದವನು. ಈಗ ಸಂಬಳವಿಲ್ಲ, ಹುದ್ದೆಯಿಲ್ಲ. ಆದರೂ ತನ್ನ ಹಳೇ ಕಾರು ತೆಗೆದುಕೊಂಡು ಬೆಳಿಗ್ಗೆ ಅವರ ಮನೆಗೆ ಹಾಜರಾಗದಿದ್ದರೆ ಅವನಿಗೆ ಉಂಡದ್ದು ಅರಗುತ್ತಿರಲಿಲ್ಲ. ಮಾನಸಾ ಅದೇ ಕಾಲೊನಿಯ ತಿಪ್ಪೇಸ್ವಾಮಿಯವರ ಮಗಳು, ಅಂಬಾದಾಸ ಎತ್ತಿ ಆಡಿಸಿದ ಕೂಸು. ಇಂಜಿನಿಯರಾಗಿ, ಮೆಹದಿಪಟ್ಟಣಂನ ಒಂದು ಸಣ್ಣ ಕನ್ಸಲ್ಟೆನ್ಸಿಯಲ್ಲಿ ಕೆಲಸಕ್ಕೆ ಸೇರಿದ್ದಳು.

“ನಿನ್ನ ಕೆಲಸ ಏನು ಅಂಬೋದು ಮೊದಲ ಹೇಳವಾ,” ಎಂದು ಗುರುದೇವಿ ಕುರ್ಚಿ ಎಳೆದು ಕೂತರು. “ಅದು ತಿಳಿಯದ ಮುಂದಿಂದು ನನಗ ತಿಳಿಯಂಗಿಲ್ಲ.”

ಮಾನಸಾ ಕಣ್ಣೊರೆಸಿಕೊಂಡಳು. “ದೊಡ್ಡ ಕಟ್ಟಡಕ್ಕ ಹಸಿರು ಸರ್ಟಿಫಿಕೇಟ್ ಬೇಕಂದ್ರ, ಅದು ಕರೆಂಟ್ ಎಷ್ಟು ಉಳಸ್ತೈತಿ ಅಂತ ತೋರಿಸ್ಬೇಕು ಆಂಟಿ. ಅದಕ್ಕ ಕಂಪ್ಯೂಟರ್‌ನಾಗ ಕಟ್ಟಡದ ಒಂದು ಮಾಡೆಲ್ ಕಟ್ಟತೀವಿ. ಯಾವ ಗ್ವಾಡಿಗೆ ಎಷ್ಟು ಬಿಸಲು, ಯಾವ ಖೋಲಿಗೆ ಎಷ್ಟು ಏಸಿ, ವರ್ಷಪೂರ್ತಿ ಎಷ್ಟು ಕರೆಂಟ್, ಎಲ್ಲಾ ಅದು ಲೆಕ್ಕ ಹಾಕತೈತಿ.”

“ನೀ ಲೆಕ್ಕ ಹಾಕಿದ ಟವರ್ ಮೂವತ್ತು ಮಹಡಿದು ಅಂದಿ. ಅಷ್ಟೂ ಕಟ್ಟತೀರೇನು?”

“ಇಲ್ಲ. ಒಂದೊಂದು ಖೋಲಿನೂ ಹಾಕಿದ್ರ ಕಂಪ್ಯೂಟರ್ ಜೀವಾನ ಬಿಡತೈತಿ. ನಡುವಿನ ಮಹಡಿ ಎಲ್ಲಾ ಒಂದೇ ನಮೂನಿ ಇರ್ತಾವಲ್ಲ. ಅದಕ್ಕ ಸರಳ ಮಾಡಿ, ಕೆಳಗಿಂದೊಂದು, ತುದಿಗಿಂದೊಂದು, ನಡುವಿಂದೊಂದು ಕಟ್ಟತೀವಿ. ನಡುವಿಂದನ್ನ ಇಪ್ಪತ್ತೆಂಟು ಸಲ ಲೆಕ್ಕಕ್ಕ ತೊಗೋ ಅಂತ ಹೇಳಿಬಿಡ್ತೀವಿ. ಪರದಿ ಮ್ಯಾಲೆ ಮಾತ್ರ ಮೂವತ್ತೂ ಕಾಣತಾವ. ನಾ ಅದಕ್ಕ ‘ಹದಿನಾರನೇ ಮಹಡಿ’ ಅಂತ ಹೆಸರಿಟ್ಟಿದ್ದೆ. ನಡುವಿನಾಗ ಬರ್ತೈತಿ ಅಂತ, ಅಷ್ಟ.”

ಲೆಕ್ಕ ಚೆನ್ನಾಗಿ ಬಂದಿತ್ತು. ರಿಪೋರ್ಟ್ ತಯಾರಾಯಿತು. ಮರುದಿನ ರಿಪೋರ್ಟನ್ನೂ ಮಾಡೆಲನ್ನೂ ಸರ್ಟಿಫಿಕೇಟ್ ಕೊಡುವ ಸಂಸ್ಥೆಗೆ ಕಳಿಸಿದರು. ಅಲ್ಲಿನ ಪರಿಶೀಲಕ ವಿಠಲ ರಾವ್ ಮಾಡೆಲನ್ನು ತಾವೇ ಓಡಿಸಿ ನೋಡಿದರೆ ರಿಪೋರ್ಟಿಗೂ ಅದಕ್ಕೂ ಹೊಂದಿಕೆಯೇ ಇಲ್ಲ. ನಡುವಿನ ಇಪ್ಪತ್ತೆಂಟೂ ಮಹಡಿಗಳಲ್ಲಿ ಪಶ್ಚಿಮದ ಮೂಲೆ ಮನೆಯ ಬಾಲ್ಕನಿ ಮುಚ್ಚಿ ಹೋಗಿತ್ತು. ಸೊಂಟದ ಮಟ್ಟ ಗೋಡೆ, ಅದರ ಮೇಲೆ ಗಾಜು, ಒಳಗೆ ಏಸಿ. ತೆರೆದ ಬಾಲ್ಕನಿ ಕೊಡುತ್ತಿದ್ದ ನೆರಳು ಹೋಗಿ, ಸಂಜೆಯ ಬಿಸಿಲು ನೇರ ಗಾಜಿಗೆ ಬಡಿದು, ಕಟ್ಟಡವೇ ಫೇಲಾಗಿತ್ತು. ಬೇಕೆಂದೇ ಸುಳ್ಳು ಅಂಕಿ ಕೊಟ್ಟಿದ್ದೀರಿ, ಉತ್ತರ ಹೇಳಿ, ಎಂದು ವಿಠಲ ರಾವ್ ಬರೆದಿದ್ದರು.

“ನಾ ಆ ಬಾಲ್ಕನಿ ಮುಟ್ಟಿಲ್ಲ ಆಂಟಿ. ನನ್ನ ಮಾಡೆಲಿನಾಗ ಅವು ತೆರೆದೇ ಇದ್ವು. ಆದ್ರ ಬದಲಾಗಿದ್ದು ನನ್ನ ಕಂಪ್ಯೂಟರಿನಾಗ. ತಪ್ಪೊಪ್ಪಿಗಿ ಬರಕೊಡು ಅಂತ ಸೃಜನ್ ಸರ್ ಸೋಮವಾರದ ಮಟ ಟೈಮ್ ಕೊಟ್ಟಾರ. ಈ ಕೆಲಸದಾಗ ಇರೋ ಊರಿನ ಮಂದಿದೆಲ್ಲಾ ಒಂದು ವಾಟ್ಸಾಪ್ ಗ್ರೂಪ್ ಐತಿ. ಅದರಾಗ ಆಗಲೇ ಹಾಕ್ಯಾರ, ಮಾನಸಾ ಮೋಸ ಮಾಡ್ಯಾಳ ಅಂತ. ಇನ್ನ ನನಗ ಯಾರು ಕೆಲಸ ಕೊಡ್ತಾರ?”

ಅಂಬಾದಾಸ ಬಕೆಟ್ಟನ್ನು ದಡ್ಡನೆ ಕೆಳಗಿಟ್ಟ. ವಿಚಾರಿಸದೆ ಕೇಳದೆ ಒಂದು ಹುಡುಗಿಯ ಹೆಸರನ್ನು ಊರ ಬಾಯಿಗೆ ಹಾಕುವುದೆಂದರೇನು! ಇವರಿಗೆಲ್ಲ ಅಕ್ಕತಂಗಿಯರು ಇಲ್ಲವೇ?

“ಕಾರ್ ತೆಗೀರಿ,” ಎಂದರು ಗುರುದೇವಿ.

ಮೆಹದಿಪಟ್ಟಣಂ ಬಸ್ ನಿಲ್ದಾಣದ ಗದ್ದಲ ದಾಟಿ, ಬಟ್ಟೆ ಅಂಗಡಿಯೊಂದರ ಮೇಲಿದ್ದ ಆಫೀಸಿನ ಬಾಗಿಲು ತೆಗೆದರೆ ಎದುರಿಗೇ ಹಸಿರು ಗೋಡೆ. ಒಡೆದ ಬಾಟಲಿಗಳ ಗಾಜು ಕರಗಿಸಿ ಮಾಡಿದ ಟೈಲ್ಸ್ ಅವು. ಒಳಗೆಲ್ಲ ಗುಳ್ಳೆ ಗುಳ್ಳೆ, ಬೆಳಕು ಬಿದ್ದರೆ ಮಿಣಮಿಣ ಎನ್ನುತ್ತಿದ್ದವು. ಗುರುದೇವಿ ಬೆರಳಿಂದ ಸವರಿ ನೋಡಿದರು.

“ಚಂದ ಅದಾವಲ್ಲ?” ಎಂದಳು ಮುಂದಿನ ಮೇಜಿನ ವಾಸಂತಿ. ಫೋನು, ಪತ್ರ, ಚಹಾ, ಆಫೀಸಿನ ಮೇಲ್ಗೆಲಸವೆಲ್ಲ ಅವಳದೇ. “ಸರ್ ಹೇಳಿ ಮಾಡಿಸ್ಯಾರ್ರಿ ಅವನ್ನ. ಬ್ಯಾರೆ ಎಲ್ಲೂ ಸಿಗಂಗಿಲ್ಲ. ಬಂದವರಿಗೆಲ್ಲಾ ಮೊದಲ ಇದನ್ನ ತೋರಸ್ತಾರ.”

ಸೃಜನ್ ನಲವತ್ತರ ಆಸುಪಾಸಿನವನು, ಇಸ್ತ್ರಿ ಮಾಡಿದ ಖಾದಿ ಅಂಗಿ ತೊಟ್ಟಿದ್ದ. ಮಾತು ತೆಲುಗು. ಗುರುದೇವಿಯವರ ತೆಲುಗೂ ಚೊಕ್ಕವಾಗಿಯೇ ಇತ್ತು. ಕ್ಯಾಬಿನ್ನಿನ ತುಂಬ ಅವನ ಭಾಷಣದ ಫೋಟೋಗಳು, ಶಾಲು, ಸ್ಮರಣಿಕೆ. ‘ಎತ್ತರದ ಕಟ್ಟಡಗಳ ಸರಳ ಮಾಡೆಲ್’ ಎಂಬ ವಿಷಯದ ಮೇಲೆ ಅವನು ಊರೂರಲ್ಲಿ ಮಾತಾಡುತ್ತಿದ್ದನಂತೆ.

“ನೀವು ಹಿರಿಯರು, ಬಂದಿದ್ದೀರಿ, ಅದಕ್ಕೇ ಹೇಳುತ್ತೇನೆ ಮೇಡಂ,” ಎಂದ. “ನನಗೂ ಸಂಕಟವೇ. ಮಗಳ ಹಾಗೆ ನೋಡಿಕೊಂಡಿದ್ದೆ. ಒಂದು ಬಾಲ್ಕನಿಯಾಗಿದ್ದರೆ ಕೈತಪ್ಪು ಅನ್ನಬಹುದಿತ್ತು. ಇಪ್ಪತ್ತೆಂಟು! ಒಂದೊಂದು ಮಹಡಿಗೂ ಹೋಗಿ, ಒಂದೊಂದು ಬಾಲ್ಕನಿಗೂ ಗೋಡೆ ಎಳೆದು, ಗಾಜು ಕೂರಿಸಿ... ಅರ್ಧ ದಿನದ ಕೆಲಸ ಅದು. ಆ ಕಂಪ್ಯೂಟರ್ ಮುಂದೆ ಅರ್ಧ ದಿನ ಕೂರುವವಳು ಇವಳೊಬ್ಬಳೇ. ಬೇರೆ ಯಾರ ಮೇಲೆ ಅನುಮಾನ ಪಡಲಿ?”

“ಯಾಕೆ ಮಾಡಿರಬೇಕು?” ಎಂದು ಗುರುದೇವಿ ಕೇಳಿದರು.

“ಬೇರೆ ಕಂಪನಿಯವರು ಆಸೆ ತೋರಿಸಿರಬೇಕು. ನನ್ನ ಹೆಸರು ಕೆಡಿಸುವುದು ಯಾರಿಗೆ ಬೇಡ?”

ಅಂಬಾದಾಸ ಬಾಯಿ ತೆರೆಯುವುದರೊಳಗೆ ಗುರುದೇವಿ ಅವನ ತೋಳು ಹಿಡಿದು ಹೊರಗೆ ಕರೆತಂದರು. “ಮಗಳಂತೆ ಮಗಳು! ನಾಲಿಗೆಗೆ ಎಲುಬಿಲ್ಲ ಈ ಮಗನಿಗೆ,” ಎಂದು ಅವನು ಹಲ್ಲು ಕಡಿದ.

ಉಳಿದ ವಿಷಯ ಹೇಳಿದವಳು ವಾಸಂತಿ. ಲೆಕ್ಕ ಮುಗಿದ ದಿನ ಆಫೀಸಿನಲ್ಲಿ ಬಿರಿಯಾನಿ ತರಿಸಿದ್ದರು. ಇದ್ದವರು ಐದೇ ಜನ. ಸೃಜನ್, ಮಾನಸಾ, ಇನ್ನೊಬ್ಬ ಇಂಜಿನಿಯರ್ ಕಾರ್ತಿಕ, ವಾಸಂತಿ, ಜೊತೆಗೆ ಕಟ್ಟಡದ ಕಡೆಯಿಂದ ಬಂದ ಪ್ರಾಜೆಕ್ಟ್ ಮ್ಯಾನೇಜರ್ ಭೀಮಾಶಂಕರ. ಎಲ್ಲರೂ ಊಟದ ಕೋಣೆಯಲ್ಲಿದ್ದಾಗ ವಿಠಲ ರಾವ್ ಫೋನು ಬಂತು. ಮುಂದೆ ಸೈಟಿಗೆ ಬಂದಾಗ ಮಾಡೆಲಿನಲ್ಲಿರುವ ಮಹಡಿಯನ್ನೇ ನೋಡುತ್ತೇನೆ, ಯಾವುದದು, ಎಂದರು. ಮಾನಸಾಳನ್ನು ಕೇಳಿ ವಾಸಂತಿ ಹದಿನಾರು ಎಂದು ಹೇಳಿದ್ದಳು.

“ಎಲ್ಲಾರ ಮುಂದನ ಹೇಳಿದೇನು?” ಎಂದು ಗುರುದೇವಿ ಕೇಳಿದರು.

“ಹೌದ್ರಿ, ಎಲ್ಲಾರೂ ಅಲ್ಲೇ ಇದ್ರು. ಆಮ್ಯಾಲೆ ಒಬ್ಬೊಬ್ಬರಾಗಿ ಎದ್ದು ಹೋಗಿ ಬಂದ್ರು. ಸರ್ ಕ್ಯಾಬಿನ್ನಿಗೆ, ಭೀಮಾಶಂಕರ ಸಾಹೇಬ್ರು ಫೋನ್ ಮಾತಾಡಾಕ, ಕಾರ್ತಿಕ ಕೈ ತೊಳಿಯಾಕ. ನಾ ತಟ್ಟಿ ಎತ್ತಿ ಇಡಾಕ. ಮಾನಸಾ ಒಬ್ಬಾಕಿನ ಕುಂತಲ್ಲೇ ಕುಂತಿದ್ಲು, ಅವತ್ತು ಭಾಳ ಖುಷಿಯಾಗಿದ್ಲು. ಆಕಿ ಕಂಪ್ಯೂಟರ್ ತೆರದ ಇತ್ತು. ಲೆಕ್ಕ ಓಡೋ ಮುಂದ ಯಾರೂ ಲಾಕ್ ಮಾಡಂಗಿಲ್ಲ ಇಲ್ಲಿ. ‘ಮುಟ್ಟಬೇಡಿ’ ಅಂತ ಚೀಟಿ ಹಚ್ಚಿ ಹೋಗ್ತಾರ. ಅವತ್ತು ಲೆಕ್ಕ ಮುಗಿದ ಮ್ಯಾಲೂ ಹಂಗ ಬಿಟ್ಟು, ಊಟ ಆದಮ್ಯಾಲೆನ ಬಂದ್ ಮಾಡಿದ್ಲು.”

“ಮರುದಿನ ಕಳಿಸಿದ್ದು?”

“ನಾನ ರೀ. ತೆರೆದು ನೋಡಾಕ ನನಗ ಬರಂಗಿಲ್ಲ. ಇದ್ದದ್ದನ್ನ ಇದ್ದಂಗ ಕಳಿಸ್ದೆ.”

ಕಾರ್ತಿಕ ತುಮಕೂರಿನ ಹುಡುಗ. ಮಾನಸಾಳ ಜೊತೆ ಅವನಿಗೆ ಅಷ್ಟಕ್ಕಷ್ಟೆ. ಈ ಟವರಿನ ಕೆಲಸ ತನಗೆ ಸಿಗಬೇಕಿತ್ತು ಎಂದು ಅವನು ಮೊದಲಿನಿಂದ ಮುನಿಸಿಕೊಂಡಿದ್ದ.

“ನನಗೆ ಅವಳನ್ನ ಕಂಡ್ರೆ ಆಗಲ್ಲ, ಸುಳ್ಳು ಯಾಕೆ ಹೇಳ್ಲಿ,” ಎಂದ. “ಆದ್ರೆ ನಾನು ಮುಟ್ಟಿಲ್ಲ ಮೇಡಂ. ಆ ಸೈಟನ್ನೂ ಒಂದು ದಿನ ನೋಡಿದವನಲ್ಲ.” ಇನ್ನೂ ಏನೋ ಹೇಳಲು ಹೋಗಿ, ಕ್ಯಾಬಿನ್ನಿನ ಕಡೆ ನೋಡಿ ಸುಮ್ಮನಾದ.

“ಮಾಡಿದಾಂವ ಇವನ ಅಕ್ಕಾರ, ಇವನ,” ಎಂದ ಅಂಬಾದಾಸ ಮೆಟ್ಟಿಲಿಳಿಯುತ್ತ. “ಮುಖದ ಮ್ಯಾಲೆ ಬರದೈತಿ. ಎರಡು ಬಿಗಿದ್ರ ಎಲ್ಲಾ ಕಕ್ತಾನ.”

“ನಿಮ್ಮ ಕೈ ಜೇಬಿನಾಗ ಇರಲಿ. ನಡೀರಿ, ಹದಿನಾರನೇ ಮಹಡಿ ನೋಡಬೇಕು.”

“ಮಾಡೆಲ್ ಕೆಟ್ಟದ್ದು ಕಂಪ್ಯೂಟರಿನಾಗ. ಸೈಟಿನಾಗ ಏನೈತ್ರಿ ಅಕ್ಕಾರ?”

“ಅದನ್ನ ನೋಡಾಕ ಹೊಂಟೀವಿ.”

ಟವರಿನ ಸೈಟಿನಲ್ಲಿ ಎದುರಾದ ಭೀಮಾಶಂಕರ ಕಲಬುರಗಿಯ ಕಡೆಯವನು. ಕನ್ನಡ ಕಿವಿಗೆ ಬಿದ್ದದ್ದೇ ತಡ, ತಂಪು ಮಜ್ಜಿಗೆ ತರಿಸಿದ, ಹಳದಿ ಹೆಲ್ಮೆಟ್ ಕೊಟ್ಟ, ತಾನೇ ಲಿಫ್ಟಿನಲ್ಲಿ ಕರೆದೊಯ್ದ. ಅಂಬಾದಾಸನಿಗೆ ಮಾತ್ರ ಅವನ ನಗುಮುಖ ಹಿಡಿಸಲಿಲ್ಲ.

“ಹದಿನಾರನ ಯಾಕ್ರಿ ಅಕ್ಕಾರ? ಎರಡರಿಂದ ಇಪ್ಪತ್ತೊಂಬತ್ತರ ತನಕ ಎಲ್ಲಾ ಟಿಪಿಕಲ್ ಫ್ಲೋರ್. ಒಂದು ಡ್ರಾಯಿಂಗ್ ಕೈಯಾಗ ಹಿಡಕೊಂಡು ಅಷ್ಟೂ ಸ್ಲ್ಯಾಬ್ ಹಾಕೀವಿ. ಒಂದು ನೋಡಿದ್ರ ಎಲ್ಲಾ ನೋಡಿದಂಗ.”

“ಆದ್ರೂ ಹದಿನಾರ ತೋರಸ್ರಿ.”

ಹದಿನಾರರಲ್ಲಿ ನಾಲ್ಕು ಮನೆ. ಮೂರರ ಬಾಗಿಲು ತೆರೆದಿದ್ದವು. ಪಶ್ಚಿಮದ ಮೂಲೆಯ ನಾಲ್ಕನೆಯದಕ್ಕೆ ಬೀಗ. ಕೀಲಿ ಮಾಲೀಕರ ಹತ್ತಿರ ಐತಿ ಎಂದ ಭೀಮಾಶಂಕರ. ಯಾರು ಮಾಲೀಕರು ಎಂದರೆ, ಯಾರೋ ಹೆಣ್ಣುಮಗಳ ಹೆಸರಿನಾಗ ಐತಿ, ಹೇಳೋ ಹಂಗಿಲ್ರಿ, ಎಂದು ನಗು ಕಡಿಮೆ ಮಾಡಿದ.

ಗುರುದೇವಿ ಪಕ್ಕದ ಮನೆಯ ಬಾಲ್ಕನಿಗೆ ನಡೆದು ಕಂಬಿ ಹಿಡಿದು ಬಗ್ಗಿದರು. ಅಂಬಾದಾಸನೂ ಬಗ್ಗಿದ. ಮೇಲೆ ಕೆಳಗೆ ಎಲ್ಲ ಮಹಡಿಗಳ ಬಾಲ್ಕನಿಗಳೂ ಬಾಯಿ ತೆರೆದುಕೊಂಡಿದ್ದವು. ಆ ಬೀಗ ಹಾಕಿದ ಮನೆಯದೊಂದೇ ಮುಚ್ಚಿತ್ತು. ಸೊಂಟದ ಮಟ್ಟ ಗೋಡೆ, ಗೋಡೆಗೆ ಮಿಣಮಿಣ ಎನ್ನುವ ಹಸಿರು ಟೈಲ್ಸ್, ಮೇಲೆ ಆಳೆತ್ತರದ ಗಾಜು. ಇಳಿಬಿಸಿಲು ಆ ಗಾಜಿಗೆ ಬಿದ್ದು ಕಣ್ಣು ಕುಕ್ಕುತ್ತಿತ್ತು.

“ಇದೇನ್ರಿ ಭೀಮಾಶಂಕರ?”

“ಅದು... ಒಬ್ಬರು ಭಾಳ ಒತ್ತಾಯ ಮಾಡಿದ್ರು, ಖೋಲಿ ದೊಡ್ಡದಾಗ್ಲಿ ಅಂತ. ತಪ್ಪ ಬಿಡ್ರಿ. ಆದ್ರ ನಾ ಯಾರ ಕಂಪ್ಯೂಟರೂ ಮುಟ್ಟಿಲ್ಲ, ನಮ್ಮವ್ವನಾಣೆ.”

ಅಂಬಾದಾಸನ ತಲೆಯಲ್ಲಿ ಎಲ್ಲ ಜೋಡಿಸಿಕೊಂಡಿತು. ಕಾನೂನು ಮೀರಿ ಬಾಲ್ಕನಿ ಮುಚ್ಚಿದವನು ಇವನು. ಹದಿನಾರನ್ನೇ ನೋಡಲು ಬರುತ್ತಾರೆ ಎಂದು ಕೇಳಿ ಗಾಬರಿಯಾದವನೂ ಇವನೇ. ಮಾಡೆಲಿನಲ್ಲೂ ಮುಚ್ಚಿಬಿಟ್ಟರೆ ನೋಡುವವರಿಗೆ ಎರಡೂ ಒಂದೇ ಕಾಣುತ್ತದೆ. ಕಾರು ಹತ್ತಿದ್ದೇ ಅವನು ಅದನ್ನು ಗುಡುಗಿದ.

“ಅರ್ಧ ಸರಿ ಐತಿ,” ಎಂದರು ಗುರುದೇವಿ. “ಯಾಕ ಮಾಡಿದ್ರು ಅಂಬೋದು ಸರಿ. ಯಾರು ಅಂಬೋದು ತಪ್ಪು. ಭೀಮಾಶಂಕರ ಲಿಫ್ಟಿನಾಗ ಏನಂದ, ನೆನಪು ಮಾಡಕೊಳ್ರಿ.”

“ಮಜ್ಜಿಗಿ ಬೇಕೇನು ಅಂದ.”

“ಅದು ಲಿಫ್ಟಿಗಿಂತ ಮೊದಲ.” ಗುರುದೇವಿ ನಕ್ಕರು. ಉಳಿದದ್ದನ್ನು ಕುಷಾಯಿಗೂಡ ಮುಟ್ಟುವವರೆಗೂ ಹೇಳಲಿಲ್ಲ. ಮನೆಗೆ ಬಂದು ವಿಠಲ ರಾವ್ ಅವರಿಗೆ ಫೋನು ಮಾಡಿದರು, ಆಮೇಲೆ ಕೂಲರಿಗೆ ನೀರು ಹಾಕಿದರು. ಇಡೀ ಭಾನುವಾರ ಅಂಬಾದಾಸ ಕೂತಲ್ಲಿ ಕೂಡಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ.

ಸೋಮವಾರ ಬೆಳಿಗ್ಗೆ ಎಲ್ಲರೂ ಸೃಜನನ ಆಫೀಸಿನ ಊಟದ ಕೋಣೆಯಲ್ಲಿ ಸೇರಿದರು. ವಿಠಲ ರಾವ್ ಒಂದು ತುದಿಗೆ, ಸೃಜನ್ ಇನ್ನೊಂದು ತುದಿಗೆ. ನಡುವೆ ಭೀಮಾಶಂಕರ, ಕಾರ್ತಿಕ, ವಾಸಂತಿ. ಮಾನಸಾ ಗೋಡೆಯ ಪಕ್ಕ ಮುದುಡಿ ಕೂತಿದ್ದಳು. ಅವಳ ಮುಂದೆ ಸೃಜನ್ ಒಂದು ಬಿಳಿ ಹಾಳೆ, ಪೆನ್ನು ಇಟ್ಟಿದ್ದ. ತಪ್ಪೊಪ್ಪಿಗೆಗೆ! ಅದನ್ನು ನೋಡಿ ಅಂಬಾದಾಸನಿಗೆ ಮೈಯೆಲ್ಲ ಉರಿದುಹೋಯಿತು. ಆ ಹಾಳೆಯನ್ನು ಕಿತ್ತು ಉಂಡೆ ಕಟ್ಟಿ ಜೇಬಿಗೆ ಹಾಕಿಕೊಂಡು ಬಾಗಿಲಿಗೆ ಅಡ್ಡಲಾಗಿ ನಿಂತ.

ಮಾತು ತೆಲುಗು, ಹಿಂದಿ, ಕನ್ನಡ ಮೂರರಲ್ಲೂ ಹರಿದಾಡಿತು. ಗುರುದೇವಿ ಮೊದಲು ಸೃಜನ್ ಕಡೆ ತಿರುಗಿದರು.

“ಸರ್, ಶನಿವಾರ ನೀವು ನನಗೊಂದು ಮಾತು ಹೇಳಿದ್ರಿ. ಅದು ಭಾಳ ಮುಖ್ಯದ ಮಾತು. ಎಲ್ಲಾರಿಗೂ ಕೇಳೋ ಹಂಗ ಇನ್ನೊಮ್ಮೆ ಹೇಳ್ರಿ. ಈ ಹುಡುಗಿ ಹೆಂಗ ಮಾಡಿದ್ಲು?”

ಸೃಜನ್ ಗಂಟಲು ಸರಿಮಾಡಿಕೊಂಡ. ಭಾಷಣ ಅವನಿಗೆ ಹೊಸದಲ್ಲ. “ಇಪ್ಪತ್ತೆಂಟು ಮಹಡಿ. ಒಂದೊಂದಕ್ಕೂ ಹೋಗಿ, ಒಂದೊಂದು ಬಾಲ್ಕನಿಯನ್ನೂ ಬೇರೆ ಬೇರೆಯಾಗಿ ಮುಚ್ಚಿದ್ದಾಳೆ. ಕಡಿಮೆ ಎಂದರೂ ಅರ್ಧ ದಿನ ಬೇಕು. ಕೈತಪ್ಪಿ ಆಗುವ ಕೆಲಸವಲ್ಲ ಇದು, ಹಟ ಹಿಡಿದು ಮಾಡಿದ್ದು.”

ವಿಠಲ ರಾವ್ ತಲೆಯೆತ್ತಿ ಸೃಜನನನ್ನು ಹೊಸಬನನ್ನು ನೋಡುವ ಹಾಗೆ ನೋಡಿದರು. ಕಾರ್ತಿಕ ತಲೆ ತಗ್ಗಿಸಿದ. ಭೀಮಾಶಂಕರನಿಗೆ ನಗು ತಡೆಯಲಾಗಲಿಲ್ಲ.

“ಅಯ್ಯ ನಮ್ಮಪ್ಪ! ಒಂದೊಂದಾಗಿ ಯಾಕ್ರಿ ಸರ್? ಟಿಪಿಕಲ್ ಫ್ಲೋರಿನಾಗ ಒಂದ್ಸಲ ಮುಚ್ಚಿದ್ರ ಎಲ್ಲಾದರಾಗೂ ಮುಚ್ಚಿದಂಗ ಆತಲ್ಲ! ಲೆಕ್ಕದ ಮಾಡೆಲಿನಾಗೂ ಹಂಗ ಅಲ್ಲೇನು?”

“ಹಂಗ ಐತಿ,” ಎಂದರು ಗುರುದೇವಿ. “ಮಾಡೆಲಿನಾಗ ಇಪ್ಪತ್ತೆಂಟು ಮಹಡಿ ಇಲ್ಲ. ಇರೋದು ಒಂದ. ಅದಕ್ಕ ಹದಿನಾರು ಅಂತ ಹೆಸರು. ಅದನ್ನ ಕಂಪ್ಯೂಟರ್ ಇಪ್ಪತ್ತೆಂಟು ಸಲ ಎಣಸ್ತೈತಿ. ಅಂದಮ್ಯಾಲೆ ಮುಚ್ಚಿದ್ದು ಒಂದ ಬಾಲ್ಕನಿ, ಚಿಟಿಕಿ ಹೊಡೆಯೋದರಾಗ ಆಗೋ ಕೆಲಸ. ಅರ್ಧ ದಿನ ಕುಂತು ಮಾಡ್ಯಾಳ ಅಂಬೋ ಮಾತು ಅಲ್ಲಿಗೇ ಬಿದ್ದುಹೋತು. ಊಟದ ನಡುವ ಎದ್ದು ಹೋದವರು ಯಾರು ಬೇಕಾದ್ರೂ ಮಾಡಬಹುದಿತ್ತು. ಏಳದೇ ಕುಂತಾಕಿ ಮಾನಸಾ ಒಬ್ಬಾಕಿ.”

ಅವರು ಎಲ್ಲರ ಕಡೆಗೂ ಒಮ್ಮೆ ತಿರುಗಿ ಮಾತು ಮುಂದುವರಿಸಿದರು.

“ಈಗ ಮುಚ್ಚಿದವರು ಯಾಕ ಮುಚ್ಚಿದ್ರು? ಕಟ್ಟಡ ಕೆಡಸಾಕ ಅಂತ ನೀವೆಲ್ಲಾ ತಿಳಕೊಂಡ್ರಿ. ನನಗ ಹಂಗ ಅನಸಲಿಲ್ಲ. ಕೆಡಸಾಂವ ಸುಮ್ಮ ಗ್ವಾಡಿ ಎಳೀತಿದ್ದ, ಗಾಜು ಹಾಕ್ತಿದ್ದ. ಸೊಂಟದ ಮಟ್ಟ ಗ್ವಾಡಿ ಕಟ್ಟಿ, ಅದರ ಮ್ಯಾಲೆ ಗಾಜು ಕೂಡಿಸೋ ಉಸಾಬರಿ ಅವನಿಗ್ಯಾಕ? ಎಲ್ಲೋ ಖರೇನ ಇರೋ ಬಾಲ್ಕನಿ ನೋಡಿ ಹಂಗ ಬರದಾನ. ಹೋಗಿ ನೋಡಿದ್ವಿ. ಇತ್ತು. ಹದಿನಾರನೇ ಮಹಡಿ, ಪಶ್ಚಿಮದ ಮೂಲಿ, ಇದ್ದಕ್ಕಿದ್ದಂಗ ಅದ. ವಿಠಲ ರಾವ್ ಹದಿನಾರನ್ನ ನೋಡಾಕ ಬರ್ತಾರ ಅಂತ ಕೇಳಿದ ಕೂಡಲೇ ಯಾರಿಗೋ ಎದಿ ಧಸಕ್ ಅಂತು. ಕಾಗದದಾಗ ಬಾಲ್ಕನಿ ತೆರದೈತಿ, ಸೈಟಿನಾಗ ಮುಚ್ಚೈತಿ, ಸಿಕ್ಕಿಬೀಳ್ತೀನಿ ಅಂತ. ಮಾಡೆಲಿನಾಗ ಆ ಒಂದು ಮನಿ ಮುಚ್ಚಿಬಿಟ್ರ ಎರಡೂ ಹೊಂದಿಕೊಳ್ತಾವ. ಮೂವತ್ತು ಮಹಡಿ ಕಟ್ಟಡಕ್ಕ ಒಂದು ಬಾಲ್ಕನಿ ಏನು ಲೆಕ್ಕ, ಅಂದ್ಕೊಂಡ.”

“ಅಂದರೆ ಮಾಡಿದವನಿಗೆ ಹದಿನಾರು ಎಂದರೆ ಬರೀ ಹದಿನಾರು,” ಎಂದರು ವಿಠಲ ರಾವ್ ನಿಧಾನವಾಗಿ.

“ಹೌದ್ರಿ. ನನಗ ಬೇಕಾದಾಂವ ಅಂಥಾಂವ. ಮಾಡೆಲ್ ತೆರೆದು ಗ್ವಾಡಿ ಎಳಿಯಾಕ ಬರಬೇಕು, ಆದ್ರ ಅದು ಹೆಂಗ ಕಟ್ಟಿದ್ದು ಅಂತ ತಿಳಿದಿರಬಾರದು. ಕಾರ್ತಿಕಗ ಎಲ್ಲಾ ತಿಳದೈತಿ. ಒಂದು ಮುಟ್ಟಿದ್ರ ಇಪ್ಪತ್ತೆಂಟು ಅಲ್ಲಾಡ್ತಾವ ಅಂತ ಗೊತ್ತಿದ್ದಾಂವ ಸೈಟಿಗೆ ಹೊಂದಿಸಾಕ ಹಿಂಗ ಮಾಡಂಗಿಲ್ಲ. ಆಕಿ ಮ್ಯಾಲಿನ ಹೊಟ್ಟಿಕಿಚ್ಚಿಗೆ ಮಾಡೋದಾಗಿದ್ರ, ತಾ ಒಮ್ಮೆಯೂ ನೋಡದ ಮನಿ ಗ್ವಾಡಿ ಅಂವಗ ಹೆಂಗ ಗೊತ್ತು? ಭೀಮಾಶಂಕರ ದಿನಾ ಬೆಳಗಾದ್ರ ಟಿಪಿಕಲ್ ಫ್ಲೋರ್ ಅಂತ ಬಾಯಿ ಬಡಕೊಳ್ಳೋ ಮನಿಷಾ. ಈಗ ನಿಮ್ಮ ಮುಂದನ ನಕ್ಕ. ವಾಸಂತಿಗೆ ಮಾಡೆಲ್ ತೆರಿಯಾಕ ಬರಂಗಿಲ್ಲ.”

ಅವರು ಒಂದು ಗುಟುಕು ನೀರು ಕುಡಿದರು.

“ಉಳಿದವರು ಒಬ್ಬರ. ಮಾನಸಾ, ಗಿರಾಕಿ ಬಂದಾಗ ನಿಮ್ಮ ಸರ್ ಮಾಡೆಲ್ ತೋರಸ್ತಾರಲ್ಲ, ಹೆಂಗ ತೋರಸ್ತಾರ?”

ಮಾನಸಾ ಎದ್ದು ನಿಂತಳು. “ಒಂದ ಖೋಲಿ ಪರದಿ ತುಂಬ ದೊಡ್ಡದು ಮಾಡಿ, ಅದರ ಬಾಲ್ಕನಿ ಮುಚ್ಚಿದ್ರ ಬಿಸಿಯಾಗಿ ಕೆಂಪು ಬಣ್ಣ ಬರೋದು, ತೆರೆದ್ರ ತಂಪಾಗಿ ನೀಲಿ ಬರೋದು ತೋರಸ್ತಾರ ಆಂಟಿ. ನಾನ ಕಲಿಸಿಕೊಟ್ಟಿದ್ದೆ. ಅಷ್ಟ ಬರ್ತೈತಿ ಅವರಿಗೆ. ಯಾರರ ಪ್ರಶ್ನೆ ಕೇಳಿದ್ರ ಮೈಕ್ ನನ್ನ ಕೈಗೆ ಕೊಡ್ತಾರ.”

“ಸುಳ್ಳು!” ಸೃಜನ್ ಎದ್ದ. “ನನಗೂ ಆ ಮನೆಗೂ ಏನು ಸಂಬಂಧ?”

“ಭೀಮಾಶಂಕರ,” ಎಂದರು ಗುರುದೇವಿ, “ಆ ಗ್ವಾಡಿಗೆ ಹಚ್ಚಿದ ಹಸಿರು ಟೈಲ್ಸ್ ನಿಮ್ಮ ಸ್ಟೋರಿಂದ ಕೊಟ್ರೇನು?”

“ಇಲ್ರಿ. ಮಾಲೀಕರ ಕಳಿಸಿದ್ರು.”

“ಅವನ್ನ ನಾವೆಲ್ಲಾ ಇವತ್ತು ಒಳಗ ಬರೋ ಮುಂದ ನೋಡೀವಿ. ವಾಸಂತಿ ಹೇಳಿದ್ಲು, ಬ್ಯಾರೆ ಎಲ್ಲೂ ಸಿಗಂಗಿಲ್ಲ ಅಂತ. ಇನ್ನ ಆ ಹೆಣ್ಣುಮಗಳ ಹೆಸರು ಹೇಳ್ತೀರೋ, ನಾ ಹೇಳ್ಲೋ?”

ಭೀಮಾಶಂಕರ ಹಣೆಯ ಬೆವರು ಒರೆಸಿಕೊಂಡ. “ಸೃಜನ್ ಸರ್ ಮಿಸೆಸ್ಸು. ಸರ್ಟಿಫಿಕೇಟಿನ ಕೆಲಸ ಮಾಡೋರ ಅದೇ ಕಟ್ಟಡದಾಗ ಮನಿ ಇಟ್ಟಾರಂತ ಗೊತ್ತಾಗಬಾರದು, ಯಾರಿಗೂ ಹೇಳಬ್ಯಾಡ ಅಂದಿದ್ರು.”

ಸೃಜನ್ ಕುರ್ಚಿಗೆ ಕುಸಿದ. “ನಾನು ಒಂದೇ ಒಂದು ಮುಚ್ಚಿದ್ದು,” ಎಂದ. “ದೇವರಾಣೆ ಒಂದೇ. ಇಪ್ಪತ್ತೆಂಟು ಅಂತ ಪತ್ರ ಬಂದಾಗ ಉಳಿದ ಇಪ್ಪತ್ತೇಳು ಇವಳದೇ ಕೆಲಸ ಅಂತ ನಂಬಿದ್ದೆ.”

ಅಂಬಾದಾಸನಿಗೆ ಇನ್ನು ತಡೆಯಲಾಗಲಿಲ್ಲ.

“ನಂಬಿದ್ದೇನ್ರಿ! ಒಂದು ನೀವು ಮಾಡಿದ್ದು ನಿಮಗ ಗೊತ್ತಿತ್ತಲ್ಲ? ಅದನ್ನ ನುಂಗಿಕೊಂಡು, ಅಷ್ಟೂ ಈ ಕೂಸಿನ ತಲಿ ಮ್ಯಾಲೆ ಹೊರಸಾಕ ನಿಮಗ ನಾಚಿಕಿ ಆಗಲಿಲ್ಲ? ಸರಳ ಮಾಡೆಲ್ ಅಂತ ಊರೂರು ತಿರುಗಿ ಶಾಲು ಹೊದಿಸಿಕೊಂಡ್ರಿ. ಹೊದಿಸಿಕೊಂಡವರಿಗೆ ಅದರ ಮೊದಲ ಪಾಠ ತಿಳೀದು! ಮೂರು ವರ್ಷ ಈಕಿ ಬೆವರು ಕುಡದು, ಮ್ಯಾಲೆ ಈಕಿ ಮುಂದ ಹಾಳಿ ಪೆನ್ನು ಇಡ್ತೀರಿ!”

“ಅಂಬಾದಾಸ,” ಎಂದರು ಗುರುದೇವಿ. ಈ ಸಲ ಸುಮ್ಮನಿರಿ ಎನ್ನಲಿಲ್ಲ.

ಕಾರ್ತಿಕ ತಲೆ ತಗ್ಗಿಸಿಯೇ ಮಾತಾಡಿದ. “ಸರ್ ಒಂದೊಂದಾಗಿ ಮುಚ್ಚಿದ್ದಾಳೆ ಅಂದಾಗಲೇ ನಂಗೆ ತಪ್ಪು ಅಂತ ಗೊತ್ತಾಯ್ತು. ಕೆಲಸ ಹೋಗತ್ತೆ ಅಂತ ಸುಮ್ಮನಿದ್ದೆ. ಸಾರಿ ಮಾನಸಾ.” ಅವಳು ಅವನ ಕಡೆ ನೋಡಲಿಲ್ಲ.

ವಿಠಲ ರಾವ್ ಎದ್ದು ನಿಂತರು. ಸೃಜನನ ಸಹಿ ಇರುವ ಯಾವ ರಿಪೋರ್ಟನ್ನೂ ಇನ್ನು ತಮ್ಮ ಸಂಸ್ಥೆ ಪರೀಕ್ಷಿಸದೆ ಒಪ್ಪುವುದಿಲ್ಲ, ಆ ಬಾಲ್ಕನಿಯ ಗೋಡೆ, ಗಾಜು ತೆಗೆಸದೆ ಟವರಿನ ಕಡತ ಮುಂದೆ ಹೋಗುವುದಿಲ್ಲ ಎಂದರು. ಭೀಮಾಶಂಕರ ನಾಳೆಯೇ ಒಡೆಸುತ್ತೇನೆ ಎಂದು ಎರಡೂ ಕೈ ಎತ್ತಿದ.

“ಮಾಡೆಲ್ ಸರಿ ಮಾಡಿ ಮತ್ತೆ ಕಳಿಸಬೇಕು,” ಎಂದರು ವಿಠಲ ರಾವ್, ಮಾನಸಾಳ ಕಡೆ ತಿರುಗಿ. “ಈ ಸಲ ಮಾಡಿದವರ ಹೆಸರಿನಲ್ಲಿ.”

ಸೃಜನ್‌ಗೆ ಜೀವ ಬಂದಂತಾಯಿತು. “ಮಾನಸಾ, ಆಗಿದ್ದು ಆಗಿಹೋಯಿತಮ್ಮ. ಇವತ್ತಿನಿಂದ ನೀನೇ ಇಲ್ಲಿ ಸೀನಿಯರ್. ಎಲ್ಲದಕ್ಕೂ ನಿನ್ನ ಹೆಸರೇ. ಮನೆಯ ಮಾತು ಮನೆಯಲ್ಲೇ ಇರಲಿ.”

“ನನ್ನ ಹೆಸರು ನೀವು ಮನೆಯಾಗ ಇಟ್ಟಿರಲಿಲ್ಲ ಸರ್,” ಎಂದಳು ಮಾನಸಾ. “ಊರಿನ ಗ್ರೂಪಿನಾಗ ಇಟ್ಟಿದ್ರಿ. ಅಲ್ಲೇ ಬರೀರಿ. ಮುಚ್ಚಿದ್ದು ನಾನು, ಮಾನಸಾ ಅಲ್ಲ, ಅಂತ. ಈಗ. ನಾ ನೋಡಬೇಕು.”

ಸೃಜನ್ ಒಬ್ಬೊಬ್ಬರ ಮುಖ ನೋಡಿದ. ಯಾರೂ ಅವನ ನೆರವಿಗೆ ಬರಲಿಲ್ಲ. ಬಾಗಿಲಲ್ಲಿ ಅಂಬಾದಾಸ ಇನ್ನಷ್ಟು ಅಗಲವಾಗಿ ನಿಂತ. ಫೋನು ತೆಗೆದು ಸೃಜನ್ ಎರಡು ಸಾಲು ಒತ್ತಿದ. ವಾಸಂತಿಯ ಫೋನು ಟಿಣ್ ಎಂದಿತು, ಕಾರ್ತಿಕನದು ಎಂದಿತು, ಮಾನಸಾಳದೂ ಎಂದಿತು. ಅವಳು ಎರಡು ಸಲ ಓದಿದಳು.

ಆಮೇಲೆ ತನ್ನ ಕಂಪ್ಯೂಟರಿನ ಮುಂದೆ ಹೋಗಿ ಕೂತಳು. ಎಲ್ಲರೂ ಹಿಂದೆ ಬಂದು ನಿಂತರು. ಹದಿನಾರನೇ ಮಹಡಿ ತೆರೆದಳು. ಪಶ್ಚಿಮದ ಮೂಲೆಯ ಗಾಜು ತೆಗೆದಳು, ಸೊಂಟದ ಗೋಡೆ ತೆಗೆದಳು. ಕೆಂಪಗಿದ್ದ ಕಟ್ಟಡ ಬುಡದಿಂದ ತುದಿಯವರೆಗೆ ನೀಲಿಗೆ ತಿರುಗಿತು.

“ಒಂದ ಬಾಲ್ಕನಿ ತೆರದೀನಿ ಸರ್,” ಎಂದಳು. “ಎಣಸ್ಕೊಳ್ರಿ.”

ಸೃಜನ್ ಎಣಿಸಲಿಲ್ಲ. ಸರಿ ಮಾಡಿದ ಮಾಡೆಲನ್ನು ಪೆನ್‌ಡ್ರೈವಿಗೆ ಹಾಕಿಕೊಂಡು, ತನ್ನ ಬ್ಯಾಗು ಹೆಗಲಿಗೇರಿಸಿಕೊಂಡು ಅವಳು ಎದ್ದಳು. ರಿಪೋರ್ಟ್ ತಾನೇ ಕಳಿಸುತ್ತೇನೆ, ಈ ಆಫೀಸಿನಿಂದ ಮಾತ್ರ ಅಲ್ಲ ಎಂದು ವಿಠಲ ರಾವ್ ಅವರಿಗೆ ಹೇಳಿ ಮೆಟ್ಟಿಲಿಳಿದಳು. ಕೆಳಗೆ ಬಸ್ಸುಗಳ ಗದ್ದಲ, ಧಗಧಗ ಬಿಸಿಲು. ಅಂಬಾದಾಸ ಕಾರಿನ ಬಾಗಿಲು ತೆಗೆದು ಹಿಡಿದ. ಅವನ ಕಿವಿ ಇನ್ನೂ ಕೆಂಪಗೇ ಇದ್ದವು.

“ಕಾಕಾ,” ಎಂದಳು ಮಾನಸಾ, ಕಾರು ಹೊರಟ ಮೇಲೆ. “ರಿಪೋರ್ಟಿನ ಮ್ಯಾಲೆ ಬರೀ ಮಾನಸಾ ಅಂತ ಹಾಕ್ಲೋ, ಅಪ್ಪನ ಹೆಸರೂ ಸೇರಿಸ್ಲೋ?”

ಅಂಬಾದಾಸ ಕನ್ನಡಿಯಲ್ಲಿ ಅವಳ ಮುಖ ನೋಡಿದ. ಉತ್ತರ ಕೊಟ್ಟವರು ಗುರುದೇವಿ.

“ಪೂರಾ ಹಾಕವಾ,” ಎಂದರು. “ದೊಡ್ಡ ಅಕ್ಷರದಾಗ ಹಾಕು.”